ಗೊಣಗಪ್ಪನಿಗೆ ಕೊಟ್ಟ ಜಾಗ

ಖಾಲಿ ಜಾಗ ಕಂಡರೆ ನನಗೆ ಆಗುವುದಿಲ್ಲ. ಇದು ಕಾಯಿಲೆ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಕಸುಬು ಎಂದು ನಾನು ಹೇಳುತ್ತೇನೆ. ಇಪ್ಪತ್ತಾರು ವರ್ಷಗಳಿಂದ ಮನೆ ಬದಲಿಸುವವರ ಸಾಮಾನು ಕಟ್ಟಿ ಲಾರಿಗೆ ತುಂಬುವವನು ನಾನು. ಪಾತ್ರೆಯೊಳಗೆ ಲೋಟ, ಲೋಟದೊಳಗೆ ಚಮಚ, ಚಮಚದ ಸಂದಿಗೆ ಕಾಲುಚೀಲ. ಎರಡು ಲಾರಿ ಬೇಕೇ ಬೇಕು ಎಂದು ನಮ್ಮ ಯಜಮಾನರು ಹೇಳಿದ್ದ ಮನೆಯೊಂದನ್ನು ಒಂದೇ ಲಾರಿಗೆ ತುಂಬಿಸಿ, ಹಿಂಬಾಗಿಲನ್ನು ಭುಜದಿಂದ ತಳ್ಳಿ ಚಿಲಕ ಹಾಕಿದ ದಿನ ಜೊತೆಯವರು ನನಗೆ ‘ಇಕ್ಕಟ್ಟಪ್ಪ’ ಎಂದು ಹೆಸರಿಟ್ಟರು. ಅವರು ಆಡಿಕೊಂಡದ್ದೇ ಇರಬಹುದು, ನಾನಂತೂ ಬಿರುದು ಅಂದುಕೊಂಡೆ.

ಮನೆ ಬಿಡುವವರು ಯಾವಾಗಲೂ ಏನಾದರೂ ಬಿಟ್ಟುಹೋಗುತ್ತಾರೆ. ಮೊದಲೆಲ್ಲ ಮುರಿದ ಕುರ್ಚಿ, ಬಿರುಕು ಬಿಟ್ಟ ಕನ್ನಡಿ. ಆಮೇಲಾಮೇಲೆ ಹಳೆಯ ಕಂಪ್ಯೂಟರುಗಳು. ಅವನ್ನು ಎಸೆಯಲು ಮನಸ್ಸು ಬಾರದೆ ಮನೆಗೆ ಹೊತ್ತು ತಂದೆ. ಎಂಟು ಹತ್ತು ಸೇರಿದ ಮೇಲೆ, ಸುಮ್ಮನೆ ಜಾಗ ತಿನ್ನುತ್ತಿವೆಯಲ್ಲ ಎಂದು ಅವಕ್ಕೆ ಲಿನಕ್ಸ್ ಹಾಕುವುದನ್ನು ಕಲಿತೆ. ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಮುದಿ ಯಂತ್ರಗಳ ಮೇಲೂ ಓಡುತ್ತದೆ. ನನಗೆ ಅದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಡಿಸ್ಕನ್ನು ಭಾಗ ಮಾಡುವ ಕೆಲಸ. ಇದಕ್ಕೆ ಇಷ್ಟು, ಅದಕ್ಕೆ ಅಷ್ಟು ಎಂದು ನಾವೇ ಗೋಡೆ ಎಬ್ಬಿಸಬಹುದು. ಲಾರಿ ತುಂಬುವವನಿಗೆ ಇದಕ್ಕಿಂತ ಸುಖ ಇನ್ನೇನು ಬೇಕು?

ಆ ಯಂತ್ರಗಳಲ್ಲಿ ಗಟ್ಟಿಯಾದದ್ದೊಂದನ್ನು ನಾನು ಅಕ್ಕನಿಗೆ ಕೊಟ್ಟೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಬ್ರೈಲ್ ಮುದ್ರಣಾಲಯದಲ್ಲಿ ಕೆಲಸ. ಶಾಲೆಯ ಪುಸ್ತಕಗಳನ್ನು ಬೆರಳಿಗೆ ಸಿಗುವ ಚುಕ್ಕೆಗಳಾಗಿ ಮಾಡುವವರಲ್ಲಿ ಅವಳು ಎಲ್ಲರಿಗಿಂತ ಹಿರಿಯಳು. ನನ್ನ ಮದುವೆಯಾದಾಗಿನಿಂದ, ಅಂದರೆ ಹತ್ತೊಂಬತ್ತು ವರ್ಷಗಳಿಂದ, ನಮ್ಮ ಜೊತೆಯಲ್ಲೇ ಇದ್ದವಳು. ನಾನು ಕೆಲಸ ಮುಗಿಸಿ ಬಂದಾಗ ಬಾಗಿಲಿಗೆ ಬಂದು ನನ್ನ ಬಲಭುಜ ಮುಟ್ಟುತ್ತಾಳೆ. ಹಗ್ಗ, ಸ್ಕ್ರೂಡ್ರೈವರು, ಅಂಟುಪಟ್ಟಿ ತುಂಬಿದ ನನ್ನ ಚೀಲದ ಪಟ್ಟಿ ಕೈಗೆ ಸಿಕ್ಕರೆ “ಇನ್ನೂ ಕೆಲಸದಲ್ಲೇ ಇದ್ದೀಯ” ಎನ್ನುತ್ತಾಳೆ. ಚೀಲ ಇಳಿಸಿ ಅವಳ ಮುಂದೆ ನಿಂತರೆ ಮತ್ತೆ ಮುಟ್ಟಿ ನೋಡಿ, “ಈಗ ಬಂದೆ ಮನೆಗೆ” ಎನ್ನುತ್ತಾಳೆ. ಈ ಎರಡು ಮಾತು ಕೇಳದೆ ನಾನು ಚಹಾ ಕುಡಿದದ್ದು ಕಡಿಮೆ.

ಅವಳ ಕಂಪ್ಯೂಟರ್ ಮಾತಾಡುತ್ತದೆ. ಪರದೆಯ ಮೇಲೆ ಏನಿದೆಯೋ ಅದನ್ನೆಲ್ಲ ಒಂದು ದನಿ ಓದಿ ಹೇಳುತ್ತದೆ. ಅಕ್ಕ ಅದನ್ನು ಎಷ್ಟು ವೇಗವಾಗಿ ಓಡಿಸುತ್ತಾಳೆಂದರೆ ನಮಗೆ ಬರೀ ಮೂಗಿನಲ್ಲಿ ಗೊಣಗಿದ ಹಾಗೆ ಕೇಳಿಸುತ್ತದೆ. ಅದಕ್ಕೇ ಆ ದನಿಗೆ ‘ಗೊಣಗಪ್ಪ’ ಎಂದು ಹೆಸರು. ಗೊಣಗಪ್ಪ, ಇಕ್ಕಟ್ಟಪ್ಪ ಇಬ್ಬರನ್ನೂ ಸಾಕಿದವಳು ತಾನು ಎಂದು ಅಕ್ಕ ಬಂದವರೆದುರು ಜಂಬ ಕೊಚ್ಚಿಕೊಳ್ಳುವುದುಂಟು.

ಆ ಕಂಪ್ಯೂಟರಿಗೆ ಲಿನಕ್ಸ್ ಹಾಕುವಾಗ ಒಂದು ಕಟ್ಟುಪಾಡಿತ್ತು. ಅವಳ ಕಡತಗಳು ಯಾರ ಕೈಗೂ ಸಿಗಬಾರದೆಂದು ಡಿಸ್ಕಿಗೆ ಬೀಗ ಹಾಕಬೇಕಿತ್ತು. ಬೀಗ ಹಾಕಿದರೂ ಯಂತ್ರ ಏಳುವುದಕ್ಕೆ ಬೇಕಾದ ಮೊದಲ ಕಡತಗಳು ಬೀಗದ ಹೊರಗೇ ಇರಬೇಕು. ಅವಕ್ಕೊಂದು ಪ್ರತ್ಯೇಕ ಭಾಗ, ಅದರ ಹೆಸರು ಬೂಟ್. ಮನೆಯ ಮುಂದಿನ ಜಗುಲಿ ಇದ್ದ ಹಾಗೆ. ಅಲ್ಲಿ ಇರುವುದು ಮುಖ್ಯವಾಗಿ ಕರ್ನಲ್. ಇಡೀ ವ್ಯವಸ್ಥೆಯನ್ನು ಎಬ್ಬಿಸಿ ನಡೆಸುವ ಮೂಲ ಅದೇ. ಅದು ಮತ್ತು ಅದರ ಜೊತೆಯ ಕಡತ ಎಲ್ಲ ಸೇರಿ ಅರವತ್ತು ಎಂಬಿ ಆಗುತ್ತಿತ್ತು. ಬೂಟಿಗೆ ಒಂದು ಜಿಬಿಯಾದರೂ ಕೊಡಿ ಎಂದು ಎಲ್ಲ ಕಡೆ ಬರೆದಿದ್ದರು. ಒಂದು ಜಿಬಿ ಎಂದರೆ ಸಾವಿರ ಎಂಬಿ. ಅರವತ್ತರ ಸಾಮಾನಿಗೆ ಸಾವಿರದ ಕೋಣೆಯೇ? ಬರೆದವರಿಗೆ ಸಾಮಾನು ಕಟ್ಟಿ ಗೊತ್ತಿಲ್ಲ ಎಂದುಕೊಂಡೆ. ಇನ್ನೂರು ಕೊಟ್ಟೆ. ಅಷ್ಟು ಕೊಡುವಾಗಲೂ ಉಳಿದ ನೂರನಲವತ್ತಕ್ಕೆ ಹೊಟ್ಟೆ ಚುರುಕ್ಕೆಂದಿತು.

“ಜಾಗ ಸಾಕಷ್ಟು ಬಿಟ್ಟಿದ್ದೀಯ ತಾನೇ?” ಎಂದು ಅಕ್ಕ ಅವತ್ತೇ ಕೇಳಿದ್ದಳು.

“ಧಾರಾಳವಾಗಿ ಬಿಟ್ಟಿದ್ದೀನಿ.”

“ನಿನ್ನ ಧಾರಾಳ ನನಗೆ ಗೊತ್ತಿಲ್ವಾ!”

ಗೊತ್ತಿತ್ತು. ಬ್ರೈಲಿನಲ್ಲಿ ಎಲ್ಲವೂ ಊದಿಕೊಳ್ಳುತ್ತದೆ. ನಾವು ಜೇಬಿನಲ್ಲಿ ಇಟ್ಟುಕೊಳ್ಳುವ ಕಥೆಪುಸ್ತಕ ಅವಳ ಕೈಗೆ ಬರುವಾಗ ನಾಲ್ಕು ದಪ್ಪ ಸಂಪುಟವಾಗಿರುತ್ತದೆ. ಅವಳ ನಿಘಂಟಿಗೆ ಕಪಾಟು ಮಾಡಿಕೊಡು ಎಂದಾಗ ಆರು ಹಲಗೆ ಬೇಕು ಎಂದಿದ್ದಳು, ನಾನು ನಾಲ್ಕು ಹಾಕಿದೆ. ಕೊನೆಯ ಏಳು ಸಂಪುಟಗಳು ಇವತ್ತಿಗೂ ಮಂಚದ ಕೆಳಗಿವೆ. ಅದಕ್ಕಿಂತ ದೊಡ್ಡ ತಪ್ಪೊಂದಿದೆ. ಈ ಮನೆಗೆ ಬಂದಾಗ ಅವಳ ಪುಸ್ತಕಗಳನ್ನು ಕಟ್ಟಿದವನು ನಾನೇ. ಒಂದಿಂಚೂ ಸಂದಿಯಿಲ್ಲದೆ ಒತ್ತಿ ತುಂಬಿ, ಮೇಲೆ ಹೊಲಿಗೆ ಯಂತ್ರ ಇಟ್ಟಿದ್ದೆ. ಬ್ರೈಲ್ ಪುಟಗಳನ್ನು ಒತ್ತಿದರೆ ಚುಕ್ಕೆಗಳು ಚಪ್ಪಟೆಯಾಗುತ್ತವೆ ಎಂದು ನನಗೆ ಹೊಳೆಯಲಿಲ್ಲ. ಅವಳು ಹುಡುಗಿಯಾಗಿದ್ದಾಗ ತಾನೇ ಚುಚ್ಚಿ ಬರೆದಿದ್ದ ದಿನಚರಿ ತಳದಲ್ಲಿತ್ತು. ಹೊಸ ಮನೆಯಲ್ಲಿ ಅದನ್ನು ತೆರೆದು, ಪುಟದ ಮೇಲೆ ಬೆರಳು ಓಡಿಸಿ, ಮತ್ತೊಮ್ಮೆ ಓಡಿಸಿ, “ಅಲ್ಲಲ್ಲಿ ಸಿಗುತ್ತೆ, ಬಿಡು” ಎಂದಿದ್ದಳು. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ.

ಇರಲಿ, ಗೊಣಗಪ್ಪ ಒಂದೂವರೆ ತಿಂಗಳು ಚೆನ್ನಾಗಿಯೇ ಗೊಣಗಿದ. ಆಗಲೇ ಅಕ್ಕ ನನ್ನ ತಲೆ ಮೇಲೆ ಕಲ್ಲು ಹಾಕಿದ್ದು.

“ಮುದ್ರಣಾಲಯದ ಹಿಂದುಗಡೆ ಒಂದು ಕೋಣೆ ಇದೆ ಕಣೋ. ಅಡುಗೆಮನೆ, ಸ್ನಾನದ ಮನೆ ಎಲ್ಲ ಸೇರಿದ್ದು. ನನಗೆ ಕೊಡ್ತಾರಂತೆ.”

ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಬ್ರೈಲಿಗೆ ತರುತ್ತಿದ್ದವರು ನಿವೃತ್ತರಾಗುತ್ತಿದ್ದರು. ಆ ಕೆಲಸ ಅಕ್ಕನಿಗೆ, ಕೆಲಸದ ಜೊತೆಗೆ ಕೋಣೆ. ಷರತ್ತು ಒಂದೇ. ಪ್ರಶ್ನೆಪತ್ರಿಕೆ ಇರುವ ಯಂತ್ರದ ಹತ್ತಿರ ಬೇರೆ ಯಾರೂ ಸುಳಿಯಬಾರದು. ಕೆಟ್ಟರೂ ನಿಂತರೂ ಅವಳೊಬ್ಬಳೇ ಸಂಭಾಳಿಸಬೇಕು. ಕಣ್ಣಿರುವವರ ನೆರವಿಲ್ಲದೆ ಒಂದು ತಿಂಗಳು ಯಂತ್ರ ನಡೆಸಿ ನೋಡಿ, ಆಗುತ್ತದೆ ಎನಿಸಿದರೆ ಹೇಳಿ ಎಂದಿದ್ದರು ಅಲ್ಲಿಯ ಮೇಲ್ವಿಚಾರಕಿ.

“ಇಲ್ಲಿ ಏನು ಕಡಿಮೆಯಾಗಿದೆ ನಿನಗೆ?” ಎಂದು ನಾನು ಸಿಡುಕಿದೆ.

“ಏನೂ ಕಡಿಮೆಯಾಗಿಲ್ಲ. ಐವತ್ನಾಲ್ಕು ವರ್ಷ ಆಯ್ತು, ಒಂದು ಬಾಗಿಲಿಗೆ ನಾನೇ ಬೀಗ ಹಾಕಿ ನಾನೇ ತೆಗೀಬೇಕು ಅಂತ ಆಸೆ. ಅಷ್ಟೇ.”

ನಾನು ಮುಖ ಊದಿಸಿಕೊಂಡು ಓಡಾಡಿದೆ. ಅಕ್ಕನಿಗೆ ಮುಖ ಕಾಣುವುದಿಲ್ಲವಲ್ಲ ಎಂದು ಚಪ್ಪಲಿಯನ್ನು ಜೋರಾಗಿ ಬಿಟ್ಟೆ, ಲೋಟವನ್ನು ಕುಕ್ಕಿದೆ. “ಹೋಗೋದು ಮೂರೇ ಬೀದಿ ಆಚೆಗೆ, ಗಂಡನ ಮನೆಗೆ ಕಳಿಸೋರ ಥರ ಆಡ್ತೀರಲ್ಲ” ಎಂದು ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ಹತ್ತೊಂಬತ್ತು ವರ್ಷ ಭುಜ ಮುಟ್ಟಿಸಿಕೊಂಡವನಿಗೆ ಮೂರು ಬೀದಿಯೂ ದೂರವೇ.

ಅವರು ಹೇಳಿದ ತಿಂಗಳಲ್ಲಿ ಇಪ್ಪತ್ತೆರಡು ದಿನ ಕಳೆದಿತ್ತು. ನನಗೆ ಅವತ್ತು ಮಧ್ಯಾಹ್ನದ ಮೇಲೆ ಕೆಲಸ. ಬೆಳಿಗ್ಗೆ ಎದ್ದವನು ಅಕ್ಕನ ಕೋಣೆಯ ಮುಂದೆ ಹಾದುಹೋಗುವಾಗ ಒಳಗೆ ಕೀಲಿಮಣೆಯ ಸದ್ದು ಕೇಳಿಸಿತು. ಟಕಟಕ ಟಕಟಕ, ಆಮೇಲೆ ಒಂದು ಗಟ್ಟಿ ಟಕ್. ಸುಮ್ಮನಾಯಿತು. ಮತ್ತೆ ಅದೇ ಟಕಟಕ.

ಇಣುಕಿ ನೋಡಿದೆ. ಅಕ್ಕ ನೆಟ್ಟಗೆ ಕುಳಿತು ಬೀಗದ ಪದ, ಅಂದರೆ ಪಾಸ್‌ವರ್ಡ್, ಒತ್ತುತ್ತಿದ್ದಳು. ಡಿಸ್ಕಿನ ಬೀಗ ತೆಗೆಯುವವರೆಗೆ ಗೊಣಗಪ್ಪನಿಗೂ ಮಾತು ಬರುವುದಿಲ್ಲ. ಅದಕ್ಕೆ ಅವಳು ಯಂತ್ರ ಹಚ್ಚಿ, ಫ್ಯಾನಿನ ಸದ್ದು ಇಳಿದ ಮೇಲೆ ಇಪ್ಪತ್ತು ಎಣಿಸಿ, ಅಂದಾಜಿನ ಮೇಲೆ ಪದ ಒತ್ತುತ್ತಾಳೆ. ಅರೆಗಳಿಗೆಯಲ್ಲಿ ಗೊಣಗಪ್ಪ ಬಾಯಿಬಿಡುತ್ತಾನೆ. ಅವತ್ತು ಬಾಯಿಬಿಡಲಿಲ್ಲ. ಪರದೆಯ ತುಂಬ ಬಿಳಿ ಅಕ್ಷರಗಳು ಸಾಲುಗಟ್ಟಿ ನಿಂತಿದ್ದವು. ಯಂತ್ರ ಎದ್ದೇ ಇರಲಿಲ್ಲ. ಕೇಳುವವರೇ ಇಲ್ಲದ ಕಡೆ ಅಕ್ಕ ಮತ್ತೆ ಮತ್ತೆ ಪದ ಹೇಳುತ್ತಿದ್ದಳು. ತಪ್ಪು ಒತ್ತಿದೆನೇನೋ ಎಂದು ಈ ಸಲ ಒಂದೊಂದೇ ಅಕ್ಷರ ತಡವಿ, ನಿಧಾನವಾಗಿ, ತುಟಿ ಅಲುಗಿಸುತ್ತ ಒತ್ತಿದಳು.

“ಅಕ್ಕಾ.”

ಅವಳ ಕೈ ನಿಂತಿತು. “ನೀನು ಬರಬಾರದು ಕಣೋ. ತಿಂಗಳು ಮುಗಿದಿಲ್ಲ.”

“ಎಷ್ಟೊತ್ತಿಂದ ಕೂತಿದ್ದೀಯ?”

“ಆರು ಗಂಟೆಯಿಂದ.” ಆಗ ಎಂಟೂವರೆ. “ಪದ ಮರೆತೋಯ್ತೇನೋ ನನಗೆ. ವಯಸ್ಸಾಯ್ತು ನೋಡು.”

“ಪದ ಸರಿಯಾಗಿದೆ. ಯಂತ್ರ ಎದ್ದಿಲ್ಲ. ಸ್ವಲ್ಪ ಆಚೆ ಸರಿದುಕೋ.”

ಯಂತ್ರ ಆರಿಸಿ ಹಚ್ಚಿ, ಆರಂಭದ ಪಟ್ಟಿಯಲ್ಲಿ ಹಳೆಯ ಕರ್ನಲನ್ನು ಆಯ್ದುಕೊಂಡೆ. ಅದು ಎದ್ದಿತು. ಅಕ್ಕ ಪದ ಒತ್ತಿದಳು. ಗೊಣಗಪ್ಪ ಏನೂ ಆಗದವನಂತೆ ವಟಗುಟ್ಟತೊಡಗಿದ. ಏನು ಕೆಟ್ಟಿತ್ತೆಂದು ನೋಡಿದೆ. ಬೂಟ್ ಭಾಗ ನೂರಕ್ಕೆ ನೂರು ತುಂಬಿತ್ತು. ಹೊಸ ಕರ್ನಲ್ ಬಂದಾಗ ಹಳೆಯದು ತಾನಾಗಿ ಎದ್ದು ಹೋಗುವುದಿಲ್ಲ. ಹೊಸದು ಕೈಕೊಟ್ಟರೆ ಇರಲಿ ಎಂದು ಪಕ್ಕದಲ್ಲೇ ಕೂರುತ್ತದೆ. ಮೊದಲನೆಯದು ಅರವತ್ತು, ಎರಡನೆಯದು ಎಪ್ಪತ್ತು. ನಿನ್ನೆ ಮೂರನೆಯದು ಬಂದಿದೆ, ಎಂಬತ್ತರದ್ದು, ಮುಕ್ಕಾಲು ಪಾಲು ಒಳಗೆ ಹೋಗಿದೆ, ಉಳಿದದ್ದಕ್ಕೆ ಜಾಗವಿಲ್ಲ. ಆ ಅರ್ಧಂಬರ್ಧವನ್ನೇ ನಂಬಿ ಬೆಳಿಗ್ಗೆ ಯಂತ್ರ ಏಳಲು ಹೋಗಿ ಕುಸಿದು ಕೂತಿದೆ. ನನ್ನ ಇನ್ನೂರು! ಬರೆದವರು ಸಾವಿರ ಎಂದಿದ್ದರು, ನಾನು ಇನ್ನೂರು ಕೊಟ್ಟಿದ್ದೆ.

“ಏನಾಗಿತ್ತು?” ಎಂದಳು ಅಕ್ಕ.

ಇಲ್ಲಿಯವರೆಗೆ ಆದದ್ದು ದಡ್ಡತನ. ಇನ್ನು ಹೇಳುವುದು ನಾಚಿಕೆಗೇಡಿನದು. ನನ್ನ ತಲೆಯಲ್ಲಿ ಒಂದು ಲೆಕ್ಕ ಓಡಿತು. ಹಳೆಯದೊಂದನ್ನು ಅಳಿಸಿದರೆ ಈಗ ಸರಿಹೋಗುತ್ತದೆ. ಒಂದೆರಡು ತಿಂಗಳಿಗೆ ಮತ್ತೆ ತುಂಬುತ್ತದೆ, ಮತ್ತೆ ನಿಲ್ಲುತ್ತದೆ. ನಿಂತಾಗ ಪರದೆ ನೋಡಲು ಕಣ್ಣು ಬೇಕು. ಕಣ್ಣು ಬೇಕೆಂದರೆ ನಾನು ಬೇಕು. ಅಕ್ಕ ಇಲ್ಲೇ ಉಳಿಯಬೇಕು.

“ಏನೋ ಸಣ್ಣದು. ಆಗುತ್ತಿರುತ್ತೆ ಇವಕ್ಕೆಲ್ಲ” ಎಂದೆ. ಹಳೆಯದೊಂದನ್ನು ಅಳಿಸಿ, ಹೊಸದನ್ನು ಮತ್ತೆ ಕೂರಿಸಿ ಎದ್ದುಬಂದೆ.

“ಓ” ಎಂದಳು, ಅಷ್ಟೇ.

ಮಧ್ಯಾಹ್ನದಿಂದ ಸಂಜೆಯವರೆಗೆ ಒಂದು ಮನೆ ತುಂಬಿದೆವು. ಎಂದೂ ಇಲ್ಲದ ಹುರುಪು ನನಗೆ. ಸಿಳ್ಳೆ ಹಾಕಿದೆನಂತೆ, ಜೊತೆಯವರು ಹೇಳಿದರು. ಮನೆಗೆ ಬಂದಾಗ ಬಾಗಿಲಲ್ಲಿ ಅಕ್ಕ ಇರಲಿಲ್ಲ. ಹೆಂಡತಿ ಅಡುಗೆಮನೆಯಿಂದಲೇ ಕಣ್ಣಲ್ಲಿ ಒಳಕೋಣೆ ತೋರಿಸಿದಳು.

ಅಕ್ಕ ನೆಲದ ಮೇಲೆ ಕುಳಿತಿದ್ದಳು. ಹೊಸ ಕೋಣೆಗೆಂದು ಅವಳು ಬೇರೆ ಎತ್ತಿಟ್ಟಿದ್ದ ಎರಡು ತಟ್ಟೆ, ಎರಡು ಲೋಟ, ಒಂದು ಪುಟ್ಟ ಬಾಣಲೆ ಸುತ್ತ ಹರಡಿದ್ದವು. ಒಂದೊಂದನ್ನೇ ಬಟ್ಟೆಯಿಂದ ಬಿಡಿಸುತ್ತಿದ್ದಳು.

“ಇವನ್ನ ಒಳಗೆ ಇಟ್ಟುಬಿಡು ಅಂತ ನಿನ್ನ ಹೆಂಡತಿಗೆ ಹೇಳು. ನಾಳೆ ಮೇಡಂ ಹತ್ರ ಮಾತಾಡ್ತೀನಿ, ನನ್ನ ಕೈಲಾಗಲ್ಲ ಅಂತ. ಇಪ್ಪತ್ತೆರಡು ದಿನಕ್ಕೇ ನಿಂತಿತು. ಪರೀಕ್ಷೆ ಹಿಂದಿನ ದಿನ ಹೀಗೆ ನಿಂತ್ರೆ ಆ ಮಕ್ಕಳ ಗತಿ ಏನು?” ಅವಳು ಬಾಣಲೆಯ ಹಿಡಿಯನ್ನು ಸವರಿದಳು. “ಇದು ಮಾತ್ರ ಇರಲಿ ನನ್ನ ಹತ್ರ. ಚೆನ್ನಾಗಿದೆ.”

ನನಗೆ ಬೇಕಾದದ್ದು ಬೇಕಾದ ಹಾಗೇ ಆಗಿತ್ತು. ಅಕ್ಕ ಇಲ್ಲೇ ಇರುತ್ತಾಳೆ. ಹಾಗಿದ್ದರೂ ಆ ಪುಟ್ಟ ಬಾಣಲೆ ನೋಡಿ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಮತ್ತೊಮ್ಮೆ ಅವಳನ್ನು ತಳದಲ್ಲಿಟ್ಟು ಮೇಲೆ ಹೊಲಿಗೆ ಯಂತ್ರ ಹೇರಿದ್ದೆ. ಈ ಸಲ ಗೊತ್ತಿದ್ದೂ ಹೇರಿದ್ದೆ.

ಚೀಲವನ್ನೂ ಇಳಿಸದೆ ಅವಳ ಎದುರು ಕುಕ್ಕರಿಸಿದೆ. “ಅಕ್ಕ, ತಪ್ಪು ನಿನ್ನದಲ್ಲ, ಯಂತ್ರದ್ದೂ ಅಲ್ಲ. ನಂದು. ಬೂಟಿಗೆ ಜಾಗ ಕಡಿಮೆ ಕೊಟ್ಟಿದ್ದೆ. ಸಾವಿರ ಕೊಡಿ ಅಂತ ಬರೆದಿದ್ರು, ಇನ್ನೂರು ಕೊಟ್ಟೆ. ಅದು ತುಂಬಿ ನಿಂತಿದ್ದು. ಜಾಗ ಸರಿಯಾಗಿ ಕೊಟ್ರೆ ವರ್ಷಗಟ್ಟಲೆ ನಿಲ್ಲಲ್ಲ.”

“ಇದು ಯಾವಾಗ ಗೊತ್ತಾಯ್ತು ನಿನಗೆ?”

“ಬೆಳಿಗ್ಗೆ.”

“ಬೆಳಿಗ್ಗೆ ಕೇಳಿದೆನಲ್ಲ.”

“ಕೇಳಿದೆ.”

ಅಕ್ಕ ಬಾಣಲೆಯನ್ನು ನೆಲಕ್ಕಿಟ್ಟಳು. ನಾನೇ ಮುಂದುವರಿದೆ. “ನೀನು ಹೋಗೋದು ನನಗಿಷ್ಟ ಇರಲಿಲ್ಲ. ಕೆಡ್ತಾ ಇದ್ರೆ ಕರೀತೀಯ ಅಂತ.”

ಅವಳು ಕೈ ಚಾಚಿ ನನ್ನ ಕಿವಿ ಹುಡುಕಿ ಹಿಡಿದು ತಿರುವಿದಳು. ನನಗೆ ನಲವತ್ತೆಂಟು. ಕಣ್ಣಲ್ಲಿ ನೀರು ಬರುವಷ್ಟು ತಿರುವಿದಳು. “ಎರಡೂವರೆ ಗಂಟೆ ಕಣೋ! ಎರಡೂವರೆ ಗಂಟೆ ನನ್ನ ಬುದ್ಧಿಗೆ ಏನೋ ಆಯ್ತು ಅಂತ ಕೂತಿದ್ದೆ.” ಆಮೇಲೆ ಕಿವಿ ಬಿಟ್ಟಳು. “ಭಾನುವಾರ ಹೊಸದಾಗಿ ಹಾಕೋಣ. ಹಾಕೋದು ನಾನು. ನೀನು ಪಕ್ಕದಲ್ಲಿ ಕೂತಿರು.”

ಬೂಟ್ ಭಾಗವನ್ನು ಹಿಗ್ಗಿಸುವುದು ಸುಲಭವಲ್ಲ. ಅದರ ಬೆನ್ನಿಗೇ ಬೀಗದ ಭಾಗ ಅಂಟಿಕೊಂಡಿರುತ್ತದೆ. ಎಲ್ಲ ಅಳಿಸಿ ಮೊದಲಿನಿಂದ ಹಾಕುವುದೇ ವಾಸಿ. ಅಕ್ಕನ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ತೆಗೆದಿಟ್ಟೆವು. ಭಾನುವಾರ ಬೆಳಿಗ್ಗೆ ಅವಳು ಸ್ನಾನ ಮುಗಿಸಿ, ತಲೆ ಬಾಚಿಕೊಂಡು ಬಂದು ಕುಳಿತಳು. ಕುಳಿತ ಕೂಡಲೇ ಮೇಜಿನ ಹಿಂದೆ ಕೈ ಹಾಕಿ ಪರದೆಯ ತಂತಿಯನ್ನು ಕಿತ್ತು ನನ್ನ ಮಡಿಲಿಗೆ ಹಾಕಿದಳು.

“ಇದೇನಕ್ಕ?”

“ನೀನೂ ನನ್ನ ಹಾಗೇ ಕೂತ್ಕೋ. ಆಗ ತಾನೇ ಗೊತ್ತಾಗೋದು, ಕಣ್ಣಿಲ್ಲದೆ ಆಗುತ್ತೋ ಇಲ್ವೋ ಅಂತ.”

ಯಂತ್ರ ಹಚ್ಚಿದಾಗ ‘ಬೀಪ್’ ಎಂದಿತು. ಆಗ ಒಂದು ಕೀಲಿ ಒತ್ತಿದರೆ ಲಿನಕ್ಸ್ ಹಾಕುವ ಕೆಲಸವನ್ನೂ ದನಿಯಲ್ಲೇ ಮಾಡಬಹುದು. ಪ್ರತಿ ಪ್ರಶ್ನೆಗೂ ಉತ್ತರಗಳನ್ನು ಎಣಿಸಿ ಹೇಳುತ್ತದೆ, ಬೇಕಾದ ಸಂಖ್ಯೆ ಒತ್ತಬೇಕು. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹೋದ ಸಲ ಅಕ್ಕನನ್ನು ಆಚೆ ಕೂರಿಸಿ ನಾನೇ ಹಾಕಿದ್ದೆ. ಗೊಣಗಪ್ಪ ಗಂಟಲು ಸರಿಮಾಡಿಕೊಂಡು ಮೊದಲನೆಯ ಪ್ರಶ್ನೆ ಕೇಳಿದ. ಅಕ್ಕ ಉತ್ತರಿಸಿದಳು. ಎರಡನೆಯದು, ಮೂರನೆಯದು. ಕಪ್ಪು ಪರದೆಯ ಮುಂದೆ ಕೈಕಟ್ಟಿ ಕುಳಿತ ನನಗೆ ಎಲ್ಲಿದ್ದೇವೆ, ಏನಾಗುತ್ತಿದೆ ಒಂದೂ ತಿಳಿಯಲಿಲ್ಲ. ಎರಡು ಸಲ “ಏನಂದ ಅವನು?” ಎಂದು ಕೇಳಿದೆ. “ಶ್!” ಎಂದಳು. ಹೆಂಡತಿ ಚಹಾ ತಂದವಳು ನನ್ನನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ಹೋದಳು.

ಅರ್ಧ ಗಂಟೆಯ ಮೇಲೆ ಅಕ್ಕನ ಬೆರಳು ಕೀಲಿಗಳ ಮೇಲೆ ನಿಂತಿತು.

“ಬೂಟಿನ ಅಳತೆ ಕೇಳ್ತಿದ್ದಾನೆ. ಎಷ್ಟು ಹಾಕ್ಲಿ?”

ಅವಳು ನನ್ನ ಕಡೆ ತಿರುಗಿ ಕಾದಳು. ಈಗ ನಾನು ‘ಮುನ್ನೂರು’ ಎಂದರೆ ಮುನ್ನೂರನ್ನೇ ಒತ್ತುತ್ತಿದ್ದಳು. ಅವತ್ತು ಬೆಳಿಗ್ಗೆ ಸುಳ್ಳು ಹೇಳಿ ಸಂಜೆ ಒಪ್ಪಿಕೊಂಡವನನ್ನು ಮತ್ತೆ ಕೇಳುತ್ತಿದ್ದಾಳಲ್ಲ ಎಂದುಕೊಂಡೆ. ಆ ಒಂದು ಸಂಖ್ಯೆ ಬಾಯಿಂದ ಹೊರಬಿದ್ದರೆ ಅವಳು ಹೋಗುತ್ತಾಳೆ. ಹೋಗಬೇಕಾದವಳೇ.

“ಒಂದು ಜಿಬಿ” ಎಂದೆ.

“ನಿಜವಾಗ್ಲೂ ಒಂದು ಬೇಕಾ, ಇಲ್ಲ ಅದರಲ್ಲೂ ಚೌಕಾಶಿನಾ?”

“ಒಂದು ಸಾಕು ಅಂತ ಎಲ್ರೂ ಬರೀತಾರೆ. ದೇವರಾಣೆ.”

“ನೀನು ಸಾಕು ಅಂದ್ರೆ ನನಗೆ ಎರಡು ಬೇಕು” ಎಂದು ಎರಡು ಒತ್ತಿಬಿಟ್ಟಳು. “ಅಕ್ಷರ ಊದಿಕೊಳ್ಳುತ್ತೆ, ಪುಸ್ತಕ ಊದಿಕೊಳ್ಳುತ್ತೆ, ನಿನ್ನ ಕರ್ನಲ್ಲೂ ಊದಿಕೊಳ್ಳುತ್ತೆ. ಅರವತ್ತು ಇದ್ದದ್ದು ಎಪ್ಪತ್ತು ಆಯ್ತು ಅಂದೆಯಲ್ಲ, ಹತ್ತು ವರ್ಷಕ್ಕೆ ಎಷ್ಟಾಗುತ್ತೋ. ಡಿಸ್ಕಲ್ಲಿ ಐನೂರು ಜಿಬಿ ಇದೆ. ಅದರಲ್ಲಿ ಎರಡಕ್ಕೆ ಯಾಕೆ ಹೀಗೆ ಉಸಿರು ಬಿಡ್ತೀಯ?”

ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತ್ತು. ಏನು ಮಾಡಲಿ, ಸಂಕಟವಾಯಿತು. ಎಲ್ಲ ಮುಗಿದ ಮೇಲೆ ಗೊಣಗಪ್ಪನ ಕೈಲಿ ಲೆಕ್ಕ ಹೇಳಿಸಿದಳು. ಬೂಟ್ ಭಾಗ ತುಂಬಿದ್ದು ನೂರಕ್ಕೆ ನಾಲ್ಕು. ತೊಂಬತ್ತಾರು ಪಾಲು ಖಾಲಿ. ನಾನು ಬೇರೆ ಕಡೆ ಮುಖ ತಿರುಗಿಸಿದೆ. ಅಕ್ಕ ನಗುತ್ತಿದ್ದಳು. ಎಷ್ಟು ತುಂಬಿದೆ ಎಂದು ಕೇಳುವುದು ಹೇಗೆ, ಬೇಡವಾದ ಹಳೆಯ ಕರ್ನಲ್ಲುಗಳನ್ನು ಅಳಿಸುವುದು ಹೇಗೆ ಎಂದು ಅವತ್ತೇ ಹೇಳಿಕೊಟ್ಟೆ. ಒಂದೇ ಸಲಕ್ಕೆ ಕಲಿತಳು. ಅವಳು ಅಷ್ಟು ಬೇಗ ಕಲಿತದ್ದಕ್ಕೆ ಸ್ವಲ್ಪ ಬೇಜಾರೂ ಆಯಿತು.

ಒಂದು ತಿಂಗಳ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಯಿತು. ಅದು ಅಕ್ಕನದೇ ಹಟ. ಯಂತ್ರ ಒಂದು ದಿನವೂ ನಿಲ್ಲಲಿಲ್ಲ.

ಸಾಗಿಸುವ ದಿನ ನಮ್ಮ ಲಾರಿಯನ್ನೇ ತಂದೆ. ಅವಳ ಪುಸ್ತಕಗಳನ್ನು ಒಂದೊಂದಾಗಿ ನಿಲ್ಲಿಸಿ ಇಟ್ಟೆ, ಒಂದಕ್ಕೊಂದು ತಾಕದ ಹಾಗೆ, ನಡುವೆ ಮೆತ್ತನೆಯ ಬಟ್ಟೆ. ಯಾವುದರ ಮೇಲೂ ಏನೂ ಇಡಲಿಲ್ಲ. ಆ ಹಳೆಯ ದಿನಚರಿಗೆ ಒಂದು ಇಡೀ ಪೆಟ್ಟಿಗೆ. “ಅಣ್ಣ, ಅರ್ಧ ಲಾರಿ ಖಾಲಿ ಹೋಗ್ತಿದೆ, ಹುಷಾರಾಗಿದ್ದೀರಿ ತಾನೇ?” ಎಂದು ಜೊತೆಯವರು ನನ್ನ ಹಣೆ ಮುಟ್ಟಿ ನೋಡಿದರು. ಹೊಸ ಕೋಣೆಯಲ್ಲಿ ಕಪಾಟನ್ನು ಮೊದಲೇ ಮಾಡಿಟ್ಟಿದ್ದೆ. ಎಂಟು ಹಲಗೆ. ಅಕ್ಕ ಕೆಳಗಿನಿಂದ ಮೇಲಕ್ಕೆ ಕೈಯಾಡಿಸುತ್ತ ಎಣಿಸಿದಳು, ಎಂಟಕ್ಕೆ ಬಂದಾಗ ತುದಿಗಾಲ ಮೇಲೆ ನಿಂತಿದ್ದಳು. ನಾವು ಹೊರಟಾಗ ಬಾಗಿಲವರೆಗೆ ಬಂದು, ನಮ್ಮ ಹಿಂದೆಯೇ ಬಾಗಿಲು ಮುಚ್ಚಿದಳು. ಒಳಗಿನಿಂದ ಬೀಗದ ಕೈ ತಿರುಗಿದ್ದು ಕೇಳಿಸಿತು. ಆಮೇಲೆ ಮತ್ತೆ ತೆಗೆದು, ಮತ್ತೆ ಹಾಕಿದಳು. ಆ ಸದ್ದು ಕೇಳುತ್ತ ಮೆಟ್ಟಿಲ ಮೇಲೆ ನಿಂತಿದ್ದ ನನ್ನನ್ನು ಹೆಂಡತಿ ತೋಳು ಹಿಡಿದು ಎಳೆದುಕೊಂಡು ಬಂದಳು.

ಒಂದು ತಿಂಗಳಾಯಿತು. ಎರಡಾಯಿತು. ಹೆಂಡತಿ ವಾರಕ್ಕೆರಡು ಸಲ ಹೋಗಿ ಬರುತ್ತಿದ್ದಳು. ನಾನು ಹೋಗಲಿಲ್ಲ. ಕೋಪವೇನೂ ಇರಲಿಲ್ಲ. ಯಂತ್ರ ಕೆಟ್ಟಿತು ಎಂದು ಕರೆಯಲಿ ಎಂದು ಕಾಯುತ್ತಿದ್ದೆ. ಕೆಟ್ಟರೆ ಪ್ರಶ್ನೆಪತ್ರಿಕೆಗಳನ್ನು ತೆಗೆದಿಟ್ಟು ಕರೆಯಬಹುದಲ್ಲ, ಚೀಲ ಹೆಗಲಿಗೇರಿಸಿ ಹೋಗಬಹುದಲ್ಲ ಎಂದು. ಕೆಲಸವಿಲ್ಲದೆ ಹೋಗಿ ನಿಂತರೆ ನನ್ನ ಕೈಗಳನ್ನು ಎಲ್ಲಿಟ್ಟುಕೊಳ್ಳಲಿ? ಹೆಂಡತಿ ಬಂದ ಕೂಡಲೇ “ಗೊಣಗಪ್ಪ ಹೇಗಿದ್ದಾನೆ?” ಎನ್ನುತ್ತಿದ್ದೆ. “ಗುಂಡುಕಲ್ಲಿನ ಹಾಗಿದ್ದಾನೆ” ಎನ್ನುತ್ತಿದ್ದಳು. ಆ ಎರಡು ಜಿಬಿಯನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಮೂರನೆಯ ತಿಂಗಳ ಒಂದು ಸಂಜೆ ನಾನು ಆಗಷ್ಟೇ ಕೆಲಸದಿಂದ ಬಂದಿದ್ದೆ. ಫೋನ್ ಬಂತು. ಅಕ್ಕ.

“ಏನಾಯ್ತು, ನಿಂತು ಹೋಯ್ತಾ?” ಎಂದೆ. ದನಿಯಲ್ಲಿದ್ದ ಸಂತೋಷ ನನಗೇ ಕೇಳಿಸಿತು.

“ಇಲ್ಲ ಕಣೋ. ಈಗ ತಾನೇ ನೋಡಿದೆ. ನೂರಕ್ಕೆ ಹನ್ನೊಂದು ತುಂಬಿದೆ.”

“ಮತ್ತೆ... ಸದ್ದು ಏನಾದ್ರೂ ಬರ್ತಿದೆಯಾ? ಫ್ಯಾನು?”

“ಏನೂ ಇಲ್ಲ. ಎಲ್ಲ ಸರಿಯಾಗಿದೆ.”

“ಮತ್ತೇನು?”

ಆ ಕಡೆ ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು. “ಕೆಟ್ಟರೇನೇ ಬರ್ತೀಯೇನೋ ನೀನು?”

ನಾನು ಫೋನ್ ಇಟ್ಟು ಹೊರಟೆ. ಬಾಗಿಲ ಹತ್ತಿರ ಕೈ ತಾನಾಗಿ ಚೀಲದ ಮೇಲೆ ಹೋಯಿತು. ತೆಗೆದುಕೊಂಡು ಹೆಗಲಿಗೆ ಹಾಕಿ, ಎರಡು ಹೆಜ್ಜೆ ಹೋಗಿ, ಹಿಂದಿರುಗಿ ಗೂಟಕ್ಕೆ ತಗುಲಿಸಿದೆ. ಮೂರು ಬೀದಿ ನಡೆಯುವಾಗ ಕೈಗಳು ಏನೋ ಕಳೆದುಕೊಂಡಂತೆ ಜೋತಾಡುತ್ತಿದ್ದವು.

ಬಾಗಿಲು ತಟ್ಟಿದೆ. ಒಳಗೆ ಬೀಗದ ಕೈ ತಿರುಗಿತು. ಆ ಪುಟ್ಟ ಬಾಣಲೆಯಲ್ಲಿ ಏನೋ ಚುಂಯ್‌ಗುಡುತ್ತಿತ್ತು. ಅಕ್ಕ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಒರೆಸಿದ ಕೈಯನ್ನು ಚಾಚಿ ನನ್ನ ಬಲಭುಜ ಹುಡುಕಿದಳು. ಚೀಲದ ಪಟ್ಟಿ ಸಿಗಲಿಲ್ಲ. ಎಡಭುಜವನ್ನೂ ಮುಟ್ಟಿ ನೋಡಿದಳು.

“ಈಗ ಬಂದೆ ಮನೆಗೆ” ಎಂದಳು.